ಅಡಿಕೆ ಮರಕ್ಕೆ ನೂರೈವತ್ತು: ಒಂದು ಕಿರುಚಿತ್ರಕ್ಕೆ ದುಡ್ಡು ಎತ್ತಿದ ಲೆಕ್ಕ

ಮೊದಲು ಬಾಕಿ ಹೇಳಿಬಿಡುತ್ತೇನೆ. ನಮ್ಮ ಕಿರುಚಿತ್ರದ ಶಬ್ದಗಳನ್ನೆಲ್ಲ ಹದವಾಗಿ ಸೇರಿಸುವ ಸೌಂಡ್ ಮಿಕ್ಸಿಂಗ್ ಮಾಡಿದವರಿಗೆ 4,000 ರೂಪಾಯಿ ಕೊಡಬೇಕು. ನಮ್ಮ ಖಾತೆಯಲ್ಲಿ ಇರುವುದು 260. ದುಡ್ಡು ಕೊಡುವ ತನಕ ಫೈನಲ್ ಫೈಲ್ ಅವರ ಕಂಪ್ಯೂಟರಿನಲ್ಲೇ ಇರುತ್ತದೆ. ಅದರಲ್ಲಿ ಅವರ ತಪ್ಪೇನೂ ಇಲ್ಲ.

ಮಾರ್ಚ್‌ನಿಂದ ಈ 2025ರ ಸೆಪ್ಟೆಂಬರ್‌ವರೆಗೆ ಬರೆದ ಲೆಕ್ಕದ ಪುಸ್ತಕ ಎದುರಿಗಿದೆ. ಇನ್ನೂರು ಪುಟದ ನೋಟ್‌ಬುಕ್ಕು, ಅರ್ಧ ಹಾಳೆಗಳು ಮಳೆಗೆ ನೆನೆದು ಉಬ್ಬಿವೆ. ಅದನ್ನು ನೋಡಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಮುಂದಿನ ವರ್ಷ ಸಿನಿಮಾ ಮಾಡಲು ಹೊರಡುವ ಜೂನಿಯರ್‌ಗಳು ನಾವು ಬಿದ್ದ ಗುಂಡಿಗೇ ಬೀಳುವುದು ಬೇಡ, ಬೇರೆ ಗುಂಡಿ ಹುಡುಕಿಕೊಳ್ಳಲಿ.

ನಾವು ಆರು ಜನ, ಶಿವಮೊಗ್ಗದಲ್ಲಿ ಪತ್ರಿಕೋದ್ಯಮ ಓದುವವರು. ಕಥೆ ಒಬ್ಬ ವಯಸ್ಸಾದ ಕೊನೆಗಾರನದ್ದು, ಅಂದರೆ ಅಡಿಕೆ ಮರ ಹತ್ತಿ ಕೊನೆ ಇಳಿಸುವವನದ್ದು. ಕೆಳಗೆ ನಿಂತೇ ಕೊನೆ ಕೊಯ್ಯುವ ಉದ್ದ ಕೋಲು, ಫೈಬರ್ ದೋಟಿ, ಊರಿಗೆ ಬಂದ ಮೇಲೆ ಅವನನ್ನು ಮರ ಹತ್ತಲು ಯಾರೂ ಕರೆಯುವುದಿಲ್ಲ. 14 ನಿಮಿಷದ ಸಿನಿಮಾ. ಟೈಟಲ್ ಕಾರ್ಡಿನಲ್ಲಿ ನಾನು ನಿರ್ಮಾಪಕಿ. ನಿಜವಾದ ಕೆಲಸ ಚಂದಾ ಎತ್ತುವುದು, ರಸೀದಿ ಬರೆಯುವುದು, ಬೈಸಿಕೊಳ್ಳುವುದು.

ಹಂತ 1. ಮಾರ್ಚ್ 10: ಬಜೆಟ್

ನಿರ್ದೇಶಕ ಬರೆದುಕೊಂಡು ಬಂದ ಮೊದಲ ಬಜೆಟ್ 1,20,000. ಅದರಲ್ಲಿ ಡ್ರೋನ್ ಇತ್ತು, ಆಗುಂಬೆ ಕಾಡಿನ ದೃಶ್ಯ ಇತ್ತು, ಬೆಂಗಳೂರಿನಿಂದ ತರಿಸುವ ಲೆನ್ಸ್ ಇತ್ತು. ಊಟ ಇರಲಿಲ್ಲ. ಹನ್ನೊಂದು ಜನ ನಾಲ್ಕು ದಿನ ಗಾಳಿ ಕುಡಿದು ಇರುತ್ತಾರೆ ಎಂದು ಅವನು ಎಣಿಸಿದ್ದನೋ ಏನೋ.

ಕಾಡಿನ ದೃಶ್ಯ ಮೊದಲು ಹೋಯಿತು. ಮೀಸಲು ಅರಣ್ಯದೊಳಗೆ ಶೂಟಿಂಗ್ ಮಾಡಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಶುಲ್ಕ ಕಟ್ಟಬೇಕು. ಎಲ್ಲವನ್ನೂ ಒಬ್ಬರ ಅಡಿಕೆ ತೋಟಕ್ಕೇ ತಂದೆವು. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವಾಗ ಸಿಗುವ ಒಂದು ಸಣ್ಣ ಊರು, ನಮ್ಮ ಸೌಂಡ್ ಹುಡುಗಿಯ ಅಜ್ಜನ ಮನೆ. ಆಮೇಲೆ ಡ್ರೋನ್ ಹೋಯಿತು. ಲೆನ್ಸ್ ಹೋಯಿತು. ನಿರ್ದೇಶಕ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಉಳಿದದ್ದು ಇಷ್ಟು:

ಕ್ಯಾಮೆರಾ, ಎರಡು ಲೆನ್ಸ್: ದಿನಕ್ಕೆ 2,500, 4 ದಿನಕ್ಕೆ 10,000
ಸೌಂಡ್ ರೆಕಾರ್ಡರ್, ಬೂಮ್, ಕಾಲರ್ ಮೈಕ್: 4,000
ಎರಡು ಎಲ್‌ಇಡಿ ಲೈಟ್: 2,400
ಊಟ, ತಿಂಡಿ: ಒಬ್ಬರಿಗೆ ದಿನಕ್ಕೆ 150, 11 ಜನಕ್ಕೆ 6,600
ಓಮ್ನಿ ಬಾಡಿಗೆ, ಪೆಟ್ರೋಲ್: 5,000
ಹಿರಿಯ ನಟರಿಗೆ ಗೌರವಧನ: 6,000
ಹಾರ್ಡ್ ಡಿಸ್ಕ್ ಎರಡು: 9,000
ಬಟ್ಟೆ, ಸಾಮಾನು: 2,000
ಟಾರ್ಪಾಲು, ಛತ್ರಿ: 1,500
ಕಲರ್, ಸೌಂಡ್ ಮಿಕ್ಸಿಂಗ್: 8,000

ಒಟ್ಟು 54,500. ಆರು ಜನ ತಲಾ 2,000 ಹಾಕಿದೆವು, 12,000 ಆಯಿತು. ಹೊರಗಿಂದ ಬರಬೇಕಾದದ್ದು 42,500.

ಕ್ಯಾಮೆರಾಗೆ 2,500 ಹೇಗೆ ಅಂತ ಕೇಳಬಹುದು. ಶಿವಮೊಗ್ಗದಲ್ಲಿ ಬಾಡಿಗೆಗೆ ಸಿಗುವ ಒಳ್ಳೆಯ ಕ್ಯಾಮೆರಾಗಳೆಲ್ಲ ಮದುವೆ ಫೋಟೋ ತೆಗೆಯುವವರದ್ದು. ನಮಗೆ ಮೊದಲು ಹೇಳಿದ ರೇಟು ದಿನಕ್ಕೆ 4,000. ಆದರೆ ಆಷಾಢದಲ್ಲಿ ಮದುವೆ ಎಲ್ಲಿ? ಕ್ಯಾಮೆರಾ ಸುಮ್ನೆ ಬೀರುವಿನಲ್ಲಿ ಕೂತಿರುತ್ತದೆ. 2025ರಲ್ಲಿ ಆಷಾಢ ಜೂನ್ 26ರಿಂದ ಜುಲೈ 24. ನಮ್ಮ ಕಥೆಗೂ ಮಳೆಯೇ ಬೇಕು. ಜುಲೈ 10ರಿಂದ 13 ಎಂದು ದಿನ ಗೊತ್ತು ಮಾಡಿದೆವು. ಇಡೀ ಯೋಜನೆಯಲ್ಲಿ ನಾವು ಸರಿಯಾಗಿ ಯೋಚಿಸಿದ್ದು ಇದೊಂದೇ. ಅದೂ ಅರ್ಧ ಸರಿ, ಯಾಕೆಂದು ಆಮೇಲೆ ಹೇಳುತ್ತೇನೆ.

ಪಟ್ಟಿಯಲ್ಲಿ ಏನು ಇಲ್ಲ ಎಂದು ಈಗ ನೋಡಿದರೆ ನಗು ಬರುತ್ತದೆ. ಕೊನೆಗಾರನ ಕಥೆ, ಮರ ಹತ್ತುವ ಕೊನೆಗಾರನಿಗೇ ಕೂಲಿ ಬರೆದಿಲ್ಲ. ಹೆಚ್ಚುವರಿ ಅಂತ ಒಂದು ಸಾಲೂ ಇಲ್ಲ.

ಹಂತ 2. ಮಾರ್ಚ್ 16ರಿಂದ 27: ವಾಟ್ಸಾಪ್ ಪೋಸ್ಟರ್

'ನಮ್ಮ ಕನಸಿಗೆ ಕೈಜೋಡಿಸಿ' ಅಂತ ಪೋಸ್ಟರ್ ಮಾಡಿ, ಕೆಳಗೆ ಕ್ಯೂಆರ್ ಕೋಡ್ ಹಾಕಿ 14 ಗ್ರೂಪಿಗೆ ಕಳಿಸಿದೆವು. 11 ದಿನದಲ್ಲಿ ಬಂದದ್ದು 1,850. ಅದರಲ್ಲಿ ಸಾವಿರ ನಿರ್ದೇಶಕನ ಸೋದರತ್ತೆ ಕಳಿಸಿದ್ದು. ಕೈಮುಗಿಯುವ ಎಮೋಜಿ 63. ಎಣಿಸಿದ್ದೇನೆ.

ಇದರ ನಡುವೆ ಜನರಿಂದ ಚಂದಾ ಎತ್ತಿಕೊಡುವ ಒಂದು ಕ್ರೌಡ್‌ಫಂಡಿಂಗ್ ಜಾಲತಾಣದಲ್ಲೂ ಅರ್ಜಿ ತುಂಬಲು ಕೂತೆವು. ಅವರ ಕಮಿಷನ್, ಪೇಮೆಂಟ್ ಶುಲ್ಕ, ಅದರ ಮೇಲೆ ಜಿಎಸ್‌ಟಿ. ನಾವು ಆರಿಸಿಕೊಂಡ ಬಗೆಯಲ್ಲಿ ಗುರಿ ಮುಟ್ಟದಿದ್ದರೆ ದುಡ್ಡೆಲ್ಲ ಕೊಟ್ಟವರಿಗೇ ವಾಪಸ್. ಅರ್ಧಕ್ಕೆ ಬಿಟ್ಟೆವು.

ನಿರ್ದೇಶಕನ ತಲೆಯಲ್ಲಿ ಎರಡು ಉದಾಹರಣೆ ಇದ್ದವು. ಒಂದು 2013ರ ಲೂಸಿಯಾ, ಕನ್ನಡದಲ್ಲಿ ಜನರಿಂದಲೇ ದುಡ್ಡು ಎತ್ತಿ ಮಾಡಿದ್ದು. ಇನ್ನೊಂದು 1976ರ ಮಂಥನ್, ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿದ್ದು. 'ಎರಡು ರೂಪಾಯಿ ಯಾರು ಕೊಡಲ್ಲ ಹೇಳು' ಅಂತ ಅವನ ವಾದ. ಆದರೆ ಅಲ್ಲಿ ಹಾಲಿನ ಸೊಸೈಟಿ ಮೊದಲೇ ಇತ್ತು. ದಿನಾ ಬೆಳಿಗ್ಗೆ ಕ್ಯಾನ್ ಹಿಡಿದು ಬರುವ ಜನ, ಅವರ ಹೆಸರಿನ ಪುಸ್ತಕ, ಎಲ್ಲ ಇತ್ತು. ಲೂಸಿಯಾದವರಿಗೆ ಅಷ್ಟರಲ್ಲಿ ಒಂದು ಸಿನಿಮಾ ಮಾಡಿದ ಹೆಸರಿತ್ತು. ನಮ್ಮ ಹತ್ತಿರ ಇದ್ದದ್ದು ಕ್ಯೂಆರ್ ಕೋಡ್ ಮಾತ್ರ.

ಹಂತ 3. ಏಪ್ರಿಲ್ 22ರಿಂದ 25: ಅಂಗಡಿ ಸುತ್ತಿದ್ದು

ಶಿವಮೊಗ್ಗದ ಗಾಂಧಿ ಬಜಾರ್, ನೆಹರೂ ರಸ್ತೆ, ದುರ್ಗಿಗುಡಿ. ನಾಲ್ಕು ದಿನ, 31 ಅಂಗಡಿ. ಏಳು ಅಂಗಡಿಯವರು ಕೊಟ್ಟರು: ಐದು ಕಡೆ ಐನೂರು, ಒಂದು ಕಡೆ ಸಾವಿರ, ಒಂದು ಕಡೆ ಎರಡು ಸಾವಿರ. ಒಟ್ಟು 5,500.

ಬೆಳಿಗ್ಗೆ ಹನ್ನೊಂದಕ್ಕೆ ಮುಂಚೆ ಹೋಗಬಾರದು, ಬೋಣಿ ಆಗಿರುವುದಿಲ್ಲ. ಬೋಣಿಗೆ ಮುಂಚೆ ಚಂದಾ ಕೇಳಿದರೆ ಮುಖ ಹೇಗಾಗುತ್ತದೆ ಎಂದು ಮೊದಲ ದಿನವೇ ನೋಡಿದೆವು. ಸಂಜೆ ಆರರ ಮೇಲೆ ಗಿರಾಕಿ ಜಾಸ್ತಿ. ಮೂರರಿಂದ ಐದು ಸರಿಯಾದ ಹೊತ್ತು. ಎರಡು ದಿನ ಹಾಳಾದ ಮೇಲೆ ಇದು ಗೊತ್ತಾಯಿತು.

ಒಬ್ಬರು ಹತ್ತು ಸಾವಿರ ಕೊಡಲು ತಯಾರಿದ್ದರು. '80ಜಿ ರಸೀದಿ ಕೊಡ್ತೀರಲ್ಲ?' ಅಂದರು. ನಾನು ಧೈರ್ಯವಾಗಿ 'ಹ್ಞೂಂ ಸರ್' ಅಂದುಬಿಟ್ಟೆ. ರಾತ್ರಿ ಪಕ್ಕದ ಮನೆಯ ಆಡಿಟರ್ ಮಾಮನನ್ನು ಕೇಳಿದರೆ ತಲೆ ಚಚ್ಚಿಕೊಂಡರು. 80ಜಿ ಅಂದರೆ ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ. ಅದು ಸಿಗುವುದು ಅದಕ್ಕಾಗಿ ನೋಂದಣಿಯಾದ ಟ್ರಸ್ಟು, ಸಂಸ್ಥೆಗಳಿಗೆ ಕೊಟ್ಟರೆ ಮಾತ್ರ. ಆರು ಜನ ಹುಡುಗ ಹುಡುಗಿಯರು ರಸೀದಿ ಬರೆದುಕೊಟ್ಟರೆ ಅದಕ್ಕೆ ಬೆಲೆ ಇಲ್ಲ. ಮಾರನೆಯ ದಿನ ಹೋಗಿ ನಿಜ ಹೇಳಿದೆ. ಹತ್ತು ಸಾವಿರ ಅಲ್ಲಿಗೇ ನಿಂತಿತು. ಕಾಫಿ ಕೊಟ್ಟು ಕಳಿಸಿದರು, ಅದು ಅವರ ದೊಡ್ಡತನ.

ಮಾಮ ಇನ್ನೊಂದನ್ನೂ ಹೇಳಿದರು. ಸಂಬಂಧಿಕರಲ್ಲದವರಿಂದ ಒಬ್ಬರಿಗೆ ಒಂದು ಹಣಕಾಸು ವರ್ಷದಲ್ಲಿ ಸುಮ್ನೆ ಬಂದ ದುಡ್ಡು ಒಟ್ಟು 50,000 ಮೀರಿದರೆ, ಮೀರಿದ್ದಷ್ಟೇ ಅಲ್ಲ, ಅಷ್ಟೂ ಅವರ ಆದಾಯಕ್ಕೆ ಸೇರುತ್ತದೆ. ತೆರಿಗೆ ಕಟ್ಟುವಷ್ಟು ಆದಾಯ ನಮಗೆಲ್ಲಿದೆ, ಆದರೂ ಲೆಕ್ಕ ಕೇಳಿದರೆ ಹೇಳಬೇಕು. 42,500ಕ್ಕೆ ಗುರಿ ಇಟ್ಟದ್ದು ಎಷ್ಟು ಒಳ್ಳೆಯದಾಯಿತು ಎಂದು ಆಗ ಅನ್ನಿಸಿತು.

ಎರಡು ಸಾವಿರ ಕೊಟ್ಟ ಎಣ್ಣೆ ಅಂಗಡಿಯವರದ್ದು ಒಂದು ಷರತ್ತು: ಸಿನಿಮಾದಲ್ಲಿ ಅವರ ಬೋರ್ಡು ಕಾಣಬೇಕು. ಅಡಿಕೆ ತೋಟದ ಕಥೆಯಲ್ಲಿ ಎಣ್ಣೆ ಅಂಗಡಿ! ಕೊನೆಗಾರ ಪೇಟೆಗೆ ಸೈಕಲ್‌ನಲ್ಲಿ ಹೋಗುವ ಒಂದು ದೃಶ್ಯವನ್ನು ಅದಕ್ಕಾಗಿಯೇ ಬರೆದೆವು. ತೆಗೆದ ಮೇಲೆ ನೋಡಿದರೆ ಮುಂದೆ ಸೈಕಲ್ ಚೆನ್ನಾಗಿ ಕಾಣುತ್ತದೆ, ಹಿಂದೆ ಬೋರ್ಡು ಮಸುಕು. ಅವರಿಗೆ ಇನ್ನೂ ಹೇಳಿಲ್ಲ.

ಒಂದು ಹಾರ್ಡ್‌ವೇರ್ ಅಂಗಡಿಯವರು 'ದುಡ್ಡೆಲ್ಲ ಇಲ್ಲಮ್ಮ' ಅಂದವರು, ನಮ್ಮ ಪಟ್ಟಿಯನ್ನು ಕೈಗೆ ತಗೊಂಡು ಓದಿದರು. 'ಟಾರ್ಪಾಲು ಯಾಕೆ ಕೊಂಡ್ಕೋತೀರ? ಇದು ತಗೊಂಡು ಹೋಗಿ' ಅಂತ ಹದಿನೆಂಟಕ್ಕೆ ಹನ್ನೆರಡು ಅಡಿಯ ಒಂದನ್ನು ಎತ್ತಿ ಕೊಟ್ಟರು. ಅವತ್ತೇ ನಮಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಹಪ್ಪಳ ಮಾಡಲು ಹೊರಟೆವು.

ಹಂತ 4. ಮೇ 5ರಿಂದ 25: ಹಲಸಿನ ಹಪ್ಪಳ

ಐಡಿಯಾ ನನ್ನದೇ, ಒಪ್ಪಿಕೊಳ್ಳುತ್ತೇನೆ. ಕಾಯಿ ಬಿಟ್ಟಿ, ಬಿಸಿಲು ಬಿಟ್ಟಿ, ಕೈ ನಮ್ಮದೇ. ನಷ್ಟ ಎಲ್ಲಿಂದ ಬರುತ್ತದೆ?

ಬಲಿತ ಕಾಯಿ 18. ಕೊಯ್ದು ತೊಳೆ ಬಿಡಿಸಿ, ಬೀಜ ತೆಗೆದು, ಹಬೆಯಲ್ಲಿ ಬೇಯಿಸಿ, ಉಪ್ಪು, ಮೆಣಸು, ಜೀರಿಗೆ ಹಾಕಿ ಒರಳಲ್ಲಿ ಕುಟ್ಟಿ, ನಿಂಬೆ ಗಾತ್ರದ ಉಂಡೆ ಮಾಡಿ, ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒತ್ತಿ, ಚಾಪೆ ಮೇಲೆ ಒಣಗಿಸುವುದು. ಸೌಂಡ್ ಹುಡುಗಿಯ ಅಜ್ಜಿ ಮೇಸ್ತ್ರಿ. ಮೇಣ ಬಿಡಿಸಲು ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಿ ಎಂದು ಅಜ್ಜಿ ಹೇಳುವ ಮುಂಚೆಯೇ ಕ್ಯಾಮೆರಾ ಹುಡುಗ ಕಾಯಿಗೆ ಕೈ ಹಾಕಿಯಾಗಿತ್ತು. ಅವನ ವಾಚಿನ ಪಟ್ಟಿಗೆ ಮೆತ್ತಿದ ಮೇಣ ಇವತ್ತಿಗೂ ಹೋಗಿಲ್ಲ.

ಐದು ದಿನದಲ್ಲಿ 1,150 ಹಪ್ಪಳ ಆಯಿತು. ಮೊದಲ 750 ಚೆನ್ನಾಗಿ ಒಣಗಿತು. ಉಳಿದ 400 ಚಾಪೆ ಮೇಲೆ ಇರುವಾಗಲೇ ಮಳೆ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತಲ್ಲ, ಅದಕ್ಕೂ ಮುಂಚೆಯೇ ನಮ್ಮ ಕಡೆ ಮೋಡ ಕಟ್ಟಿಕೊಂಡು ಸುರಿಯಲು ಶುರುವಾಗಿತ್ತು. ಒಳಗೆ ತಂದು ಫ್ಯಾನ್ ಕೆಳಗೆ ಹರಡಿದೆವು. ಕರೆಂಟು ಹೋಯಿತು. ಮೂರನೆಯ ದಿನ ಹಪ್ಪಳದ ಅಂಚಿನಲ್ಲಿ ಬಿಳಿ ಬೂಷ್ಟು. ಅಜ್ಜಿ ಒಂದನ್ನು ಮೂಗಿನ ಹತ್ತಿರ ಹಿಡಿದು, ಏನೂ ಹೇಳದೆ ಗೊಬ್ಬರದ ಗುಂಡಿಯ ಕಡೆ ಕೈ ತೋರಿಸಿದರು.

25ರ ಕಟ್ಟು 30 ಆಯಿತು. ಕಟ್ಟಿಗೆ 70ರಂತೆ 2,100. ಮೆಣಸು, ಎಣ್ಣೆ, ಕವರು, ಬಸ್ಸು ಎಲ್ಲ ಸೇರಿ ಖರ್ಚು 640. ಉಳಿದದ್ದು 1,460. ಆರು ಜನ ಐದು ದಿನ ಯಾರದ್ದಾದರೂ ತೋಟದ ಕೆಲಸಕ್ಕೆ ಹೋಗಿದ್ದರೆ ಇದರ ಎಷ್ಟೋ ಪಟ್ಟು ಬರುತ್ತಿತ್ತು.

ನಡುವೆ ಒಂದು ಎಡವಟ್ಟು: ಖಾತೆ

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಅಲ್ಲಿಯವರೆಗೆ ದುಡ್ಡೆಲ್ಲ ನನ್ನ ಸ್ವಂತ ಖಾತೆಗೇ ಬರುತ್ತಿತ್ತು. ಮೇ ಕೊನೆಗೆ ಕ್ಯಾಮೆರಾದವರಿಗೆ ಅಡ್ವಾನ್ಸ್ ಹಾಕಲು ಹೋದರೆ ಬ್ಯಾಲೆನ್ಸ್ ಕಡಿಮೆ ತೋರಿಸಿತು. ಹಾಸ್ಟೆಲ್ ಮೆಸ್ಸಿನ 3,200 ಅದೇ ಖಾತೆಯಿಂದ ತಾನಾಗಿಯೇ ಕಟ್ ಆಗಿತ್ತು. ಅದಲ್ಲದೆ ನಾನು ಮಾಡಿಸಿದ್ದ ಮೊಬೈಲ್ ರೀಚಾರ್ಜು. ಗೊತ್ತಿದ್ದು ಮಾಡಿದ್ದಲ್ಲ. ಆದರೆ ಉಳಿದ ಐದು ಜನರ ಎದುರು ಕೂತು 'ಗೊತ್ತಿರಲಿಲ್ಲ' ಎಂದು ಹೇಳುವಾಗ ಅದು ಕಳ್ಳತನದ ಹಾಗೇ ಕೇಳಿಸಿತು. ಅಪ್ಪನ ಹತ್ತಿರ ಸಾಲ ಮಾಡಿ ಅವತ್ತೇ ತುಂಬಿದೆ.

ಮೂವರ ಸಹಿ ಇರುವ ಜಂಟಿ ಖಾತೆ ತೆರೆಯೋಣ ಎಂದು ಬ್ಯಾಂಕಿಗೆ ಹೋದೆವು. ಎಲ್ಲರೂ ಸೇರಿಯೇ ಸಹಿ ಹಾಕಬೇಕಾದ ಖಾತೆಗೆ ಯುಪಿಐ ಬರುವುದಿಲ್ಲ ಅಂದರು. ಯುಪಿಐ ಇಲ್ಲದೆ ಈ ಕಾಲದಲ್ಲಿ ಚಂದಾ ಎತ್ತುವುದು ಹೇಗೆ? ಕೊನೆಗೆ ನನ್ನ ಹೆಸರಲ್ಲೇ ಇನ್ನೊಂದು ಖಾತೆ, ಸಿನಿಮಾಕ್ಕೆ ಮಾತ್ರ. ದಿನಾ ರಾತ್ರಿ ಒಂಬತ್ತಕ್ಕೆ ಅದರ ಸ್ಕ್ರೀನ್‌ಶಾಟ್ ಗ್ರೂಪಿಗೆ. ದುಡ್ಡು ಬರದ ದಿನವೂ ಹಾಕಬೇಕು. ಇದನ್ನು ಮೊದಲ ದಿನವೇ ಮಾಡಿ.

ಹಂತ 5. ಜೂನ್ 8: ಸೇವಾ ಪಟ್ಟಿ

ಇಷ್ಟು ಹೊತ್ತಿಗೆ ನಮ್ಮ ಹತ್ತಿರ ಇದ್ದದ್ದು ನಮ್ಮ 12,000 ಮತ್ತು ಹೊರಗಿನ 8,810. ಮೂರು ತಿಂಗಳ ಕೆಲಸ.

ಆ ಭಾನುವಾರ ಅಜ್ಜನ ಊರಿನ ದೇವಸ್ಥಾನದ ಜಗಲಿಯಲ್ಲಿ ಮಳೆ ನಿಲ್ಲಲಿ ಎಂದು ಕೂತಿದ್ದೆವು. ಎದುರು ಗೋಡೆಯಲ್ಲಿ ಬಣ್ಣದ ಬೋರ್ಡು. ಕುಂಕುಮಾರ್ಚನೆ ಇಷ್ಟು, ಮಂಗಳಾರತಿ ಇಷ್ಟು, ಹೂವಿನ ಪೂಜೆ ಇಷ್ಟು, ಒಂದು ದಿನದ ಅನ್ನಸಂತರ್ಪಣೆ ಇಷ್ಟು. ಎಡಿಟರ್ ಹುಡುಗ ಅದನ್ನೇ ನೋಡುತ್ತಾ 'ದೇವಸ್ಥಾನಕ್ಕೆ ದುಡ್ಡು ಕೊಡಿ ಅಂತ ಎಲ್ಲೂ ಬರೆದಿಲ್ಲ ನೋಡಿ' ಅಂದ.

ಹೌದಲ್ವಾ! ಜನ ದೇವಸ್ಥಾನಕ್ಕೆ ದುಡ್ಡು ಕೊಡುವುದಿಲ್ಲ, ಮಂಗಳಾರತಿ ಮಾಡಿಸುತ್ತಾರೆ. ನಾವು ಮೂರು ತಿಂಗಳಿಂದ ಕನಸಿಗೆ ಕೈಜೋಡಿಸಿ ಎನ್ನುತ್ತಿದ್ದೆವು. ಕನಸಿಗೆ ಎಷ್ಟು ಅಂತ ಯಾರಿಗೆ ಗೊತ್ತು?

ರಾತ್ರಿಯೇ ಬಜೆಟ್ಟನ್ನು ಚೂರು ಚೂರು ಮಾಡಿದೆವು. ಡ್ರಾಯಿಂಗ್ ಶೀಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದದ್ದು:

ಒಂದು ಗಂಟೆ ಕ್ಯಾಮೆರಾ: 250
ಒಂದು ಗಂಟೆ ಸೌಂಡ್: 100
ಎಲ್ಲರಿಗೂ ಒಂದು ಬೆಳಗಿನ ತಿಂಡಿ: 330
ಎಲ್ಲರಿಗೂ ಒಂದು ಹೊತ್ತಿನ ಊಟ: 660
ಒಂದು ಛತ್ರಿ: 250
ನಟರ ಗೌರವಧನದಲ್ಲಿ ಒಂದು ಪಾಲು: 500
ಗಾಡಿಯಲ್ಲಿ ಒಂದು ಪಾಲು: 1,000
ಒಂದು ಲೈಟು ಒಂದು ದಿನ: 300
ಅರ್ಧ ಹಾರ್ಡ್ ಡಿಸ್ಕ್: 2,250
ಮಿಕ್ಸಿಂಗ್‌ನಲ್ಲಿ ಒಂದು ಪಾಲು: 1,000

ಕಾರ್ಬನ್ ಹಾಕಿ ಬರೆಯುವ ರಸೀದಿ ಪುಸ್ತಕ ಎರಡು ಮಾಡಿಸಿದೆವು. ಅದಕ್ಕೂ ಹಳೆಯ ಪೋಸ್ಟರಿಗೂ ಸೇರಿ 700. ರಸೀದಿಯಲ್ಲಿ ಮೊತ್ತದ ಜೊತೆ ಸೇವೆಯ ಹೆಸರೂ: 'ಜುಲೈ 12, ಮಧ್ಯಾಹ್ನದ ಊಟ'. ಯುಪಿಐ ಹಾಕಿದವರಿಗೂ ರಸೀದಿಯ ಫೋಟೋ. ರಸೀದಿ ಹರಿದು ಕೈಗೆ ಕೊಟ್ಟ ತಕ್ಷಣ ಜನ ಪಟ್ಟಿಯನ್ನು ಇನ್ನೊಮ್ಮೆ ಓದುತ್ತಾರೆ. ಎಷ್ಟೋ ಜನ ಎರಡನೆಯದ್ದನ್ನೂ ಬರೆಸಿದರು.

ಛತ್ರಿ ನಾಲ್ಕೂ ಮೊದಲ ದಿನವೇ ಖಾಲಿ. ಊಟ, ತಿಂಡಿ ಪೂರ್ತಿ ಹೋಯಿತು, 6,600. ಕ್ಯಾಮೆರಾ 32 ಗಂಟೆ, 8,000. ನಟರ ಹನ್ನೆರಡೂ ಪಾಲು, 6,000. ಅವರು ಹೆಗ್ಗೋಡಿನ ನೀನಾಸಂನಲ್ಲಿ ಕಲಿತವರು, ಆ ಹೆಸರು ಕೇಳಿಯೇ ಕೆಲವರು ಬರೆಸಿದರು. ಗಾಡಿ ಮೂರು ಪಾಲು, 3,000. ಸೌಂಡ್ 16 ಗಂಟೆ, 1,600. ಛತ್ರಿಯ 1,000. ಮೂರನೇ ಕ್ಲಾಸಿನ ಒಬ್ಬ ಹುಡುಗ 50 ರೂಪಾಯಿ ತಂದು 'ಇದಕ್ಕೆ ಎಂತ ಬರ್ತದೆ?' ಅಂದ. ಪಟ್ಟಿಯಲ್ಲಿ ಏನೂ ಬರುತ್ತಿರಲಿಲ್ಲ. ಹನ್ನೆರಡು ನಿಮಿಷ ಕ್ಯಾಮೆರಾ ಎಂದು ರಸೀದಿ ಬರೆದುಕೊಟ್ಟೆ. ಒಟ್ಟು 26,250.

ಊರಿನ ಒಬ್ಬರು ಹಿರಿಯರು ಒಬ್ಬರೇ ಆರು ಗಂಟೆ ಕ್ಯಾಮೆರಾ ಬರೆಸಿದರು. ಪ್ರಾಯದಲ್ಲಿ ನೀನಾಸಂ ಚಿತ್ರಸಮಾಜದವರ ಶಿಬಿರಕ್ಕೆ ಹೋಗಿ ಜಪಾನಿ ಸಿನಿಮಾ ನೋಡಿದ್ದರಂತೆ. 'ಅದರಲ್ಲೂ ಮಳೆ ಇತ್ತು ಮಾರಾಯ್ತಿ, ನಿಮ್ಮದರಲ್ಲಿ ಜಾಸ್ತಿ ಇರ್ತದೆ' ಅಂದರು.

ಹಾರ್ಡ್ ಡಿಸ್ಕ್, ಲೈಟು, ಮಿಕ್ಸಿಂಗ್: ಒಂದೇ ಒಂದು ರಸೀದಿ ಇಲ್ಲ. 'ಅದೆಂತದು ಡಿಸ್ಕು?' ಎಂದು ಕೇಳಿ ಮುಂದಿನ ಸಾಲಿಗೆ ಹೋಗುತ್ತಿದ್ದರು. ಅವತ್ತು ಅದನ್ನು ಗಮನಿಸಿದೆ, ಏನೂ ಮಾಡಲಿಲ್ಲ. ಈಗಿನ 4,000 ಬಾಕಿಯ ಬೇರು ಅಲ್ಲೇ ಇದೆ.

ಇನ್ನೊಂದು ದೊಡ್ಡ ತಪ್ಪು, ಕಾಲದ್ದು. ಅಡಿಕೆ ಊರಿಗೆ ಜೂನ್‌ನಲ್ಲಿ ಚಂದಾ ಕೇಳಲು ಹೋಗುತ್ತಾರಾ? ಕೊಳೆ ರೋಗಕ್ಕೆ ಔಷಧಿ ಹೊಡೆಸಬೇಕು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಮೇಲೆ ಕೊನೆಗಾರರ ಕೂಲಿ. ಮಕ್ಕಳ ಫೀಸು. ಗದ್ದೆ ಇದ್ದವರಿಗೆ ನಾಟಿ. ನಾಲ್ಕು ಮನೆಯಲ್ಲಿ ಒಂದೇ ಮಾತು: 'ಅಡಿಕೆ ಮಾರಿದ ಮೇಲೆ ಬರೂದಲ್ವಾ?' ಸುಗ್ಗಿ ಮುಗಿದು ಕೈಯಲ್ಲಿ ಕಾಸು ಆಡುವುದು ಜನವರಿಯಿಂದ ಮಾರ್ಚ್. ಆಗ ನಾವು ಪೋಸ್ಟರಿಗೆ ಅಕ್ಷರ ಯಾವುದು ಚಂದ ಎಂದು ಜಗಳ ಆಡುತ್ತಿದ್ದೆವು. ಆಷಾಢದಲ್ಲಿ ಕ್ಯಾಮೆರಾ ಅಗ್ಗ ಎಂದು ಲೆಕ್ಕ ಹಾಕಿದವರು, ಆಷಾಢದಲ್ಲಿ ಜನರ ಜೇಬೂ ಖಾಲಿ ಎಂದು ಲೆಕ್ಕ ಹಾಕಿರಲಿಲ್ಲ.

ಕಾಸು ಇಲ್ಲದವರು ಸಾಮಾನು ಕೊಟ್ಟರು. ಅಕ್ಕಿ, ತೆಂಗಿನಕಾಯಿ, ಒಂದು ಡಬ್ಬಿ ಮಿಡಿ ಉಪ್ಪಿನಕಾಯಿ, ಒಂದು ದಿನಕ್ಕೆ ಜೀಪು. ಮೂರು ಮನೆಯವರು ಉಳಿಸಿಟ್ಟಿದ್ದ, ರಾಶಿ ಎನ್ನುವ ಬಗೆಯ ಕೆಂಪಡಿಕೆಯಲ್ಲಿ ಒಟ್ಟು ಒಂಬತ್ತು ಕೆಜಿ ಅಳೆದು ಕೊಟ್ಟರು. ಕೆಜಿಗೆ 500ರಂತೆ ಪೇಟೆಯಲ್ಲಿ ಮಾರಿ 4,500 ಬಂತು. ಹಪ್ಪಳದ ಐದು ದಿನವನ್ನು ನೆನೆಸಿಕೊಂಡು ಒಬ್ಬರ ಮುಖ ಒಬ್ಬರು ನೋಡಿದೆವು.

ಹಂತ 6. ಜೂನ್ 28: ತಾಳಮದ್ದಳೆ

ಯಕ್ಷಗಾನ ಮೇಳಗಳ ತಿರುಗಾಟ ಇಲ್ಲದ ಮಳೆಗಾಲ ತಾಳಮದ್ದಳೆಗೆ, ಅಂದರೆ ಕೂತು ಪದ ಹಾಡಿ ಅರ್ಥ ಹೇಳುವ ಪ್ರಸಂಗಕ್ಕೆ, ಒಳ್ಳೆಯ ಕಾಲ. ವೇಷ ಇಲ್ಲ, ರಂಗಸ್ಥಳ ಇಲ್ಲ, ಖರ್ಚು ಕಡಿಮೆ. ಊರಿನ ಸಭಾಭವನ ಬಿಟ್ಟಿ ಸಿಕ್ಕಿತು. ಮೈಕ್ ಸೆಟ್ಟಿಗೆ 1,500, ಹಿಮ್ಮೇಳದವರಿಗೆ ಗೌರವ 1,500, ಅವಲಕ್ಕಿ ಕಾಫಿಗೆ 800. ತಟ್ಟೆಗೆ ಬಿದ್ದದ್ದು 6,150. ಉಳಿದದ್ದು 2,350.

ಇನ್ನೂ ಜಾಸ್ತಿ ಬರುತ್ತಿತ್ತು. ನಮ್ಮ ಮಾತನ್ನು ಕೊನೆಗೆ ಇಟ್ಟುಕೊಂಡೆವು. ವಾಲಿಯ ಪಾತ್ರದವರು ರಾಮನನ್ನು ಪ್ರಶ್ನೆ ಕೇಳಲು ಶುರು ಮಾಡಿದರೆ ಒಂದೂವರೆ ಗಂಟೆ ಬಿಡಲಿಲ್ಲ. ಅದ್ಭುತವಾಗಿತ್ತು, ಅದು ಬೇರೆ ಮಾತು. ವಾಲಿ ಸಾಯುವ ಹೊತ್ತಿಗೆ ರಾತ್ರಿ ಹನ್ನೊಂದೂವರೆ, ಹೊರಗೆ ಜಡಿಮಳೆ, ಅರ್ಧ ಸಭೆ ಟಾರ್ಚು ಹಿಡಿದು ಮನೆಗೆ ಹೋಗಿಯಾಗಿತ್ತು. ತಟ್ಟೆಯನ್ನು ಕಾಫಿಯ ಹೊತ್ತಿಗೇ ತಿರುಗಿಸಬೇಕು.

ಹಂತ 7. ಜುಲೈ 10ರಿಂದ 14: ಶೂಟಿಂಗ್, ದುಡ್ಡಿನ ಕಡೆಯಿಂದ

ಸಿನಿಮಾ ಹೇಗೆ ತೆಗೆದೆವು ಎನ್ನುವುದನ್ನು ಕ್ಯಾಮೆರಾ ಹುಡುಗ ಬರೆಯಲಿ. ನಾನು ಬರೆಯುವುದು ದುಡ್ಡು ಎಲ್ಲಿ ಸೋರಿತು ಎಂದು.

ನಮ್ಮ ನಟರಿಗೆ 62 ವರ್ಷ, ಮರ ಹತ್ತುವುದಿಲ್ಲ. ದೂರದ ಶಾಟುಗಳಿಗೆ ಊರಿನ ನಿಜವಾದ ಕೊನೆಗಾರಣ್ಣನನ್ನು ಕೇಳಿದೆವು. ಔಷಧಿ ಹೊಡೆಯುವ ಸೀಸನ್, ಅವರು ಸಿಕ್ಕಿದ್ದೇ ಪುಣ್ಯ. 'ದಿನದ ಲೆಕ್ಕ ಬೇಡ, ಮರದ ಲೆಕ್ಕ. ಮರಕ್ಕೆ ನೂರೈವತ್ತು' ಅಂದರು. ಎರಡೇ ಮರ ಅಲ್ವಾ, ಮುನ್ನೂರು ಎಂದು ನಾನು ಒಪ್ಪಿದೆ.

ಮೊದಲ ಸಲ ಹತ್ತಿದರು. ಲೆನ್ಸಿನ ಮೇಲೆ ಮಂಜು ಕೂತಿತ್ತು. ಇಳಿದು ಬಂದರು. ಎರಡನೇ ಟೇಕ್. ಹಿಂದೆ ಯಾರೋ ಕೆಂಪು ಬಕೆಟ್ ಹಿಡಿದು ಹೋದರು. ಮೂರನೆಯದಕ್ಕೆ ನಿರ್ದೇಶಕನಿಗೆ ಕಂಬಳಿಕೊಪ್ಪೆ ಸರಿ ಕಾಣಲಿಲ್ಲ. ಸಂಜೆ ನಾನು ಮುನ್ನೂರು ಎಣಿಸಿ ಕೊಡಲು ಹೋದರೆ ಅಣ್ಣ ಮರ ಹತ್ತಲು ಕಾಲಿಗೆ ಹಾಕುವ ಹಗ್ಗದ ತಳೆ ಬಿಚ್ಚುತ್ತಾ ನಕ್ಕರು. 'ತಂಗಿ, ಎರಡು ಮರ ನಿಮ್ಮ ಲೆಕ್ಕ. ನಾನು ಹತ್ತಿದ್ದು ಹದಿನಾರು ಸಲ. ಮರಕ್ಕೆ ಗೊತ್ತಾಗೂದಿಲ್ಲ, ಕಾಲಿಗೆ ಗೊತ್ತಾಗ್ತದೆ.' ಅವರ ಪಾದದ ಬದಿಯಲ್ಲಿ ತಳೆ ಒತ್ತಿ ಕೆಂಪಗೆ ಗೆರೆ ಬಿದ್ದಿತ್ತು. 2,400 ಕೊಟ್ಟೆ. ಮಾರನೆಯ ದಿನದಿಂದ ನಿರ್ದೇಶಕ 'ಒನ್ ಮೋರ್' ಎನ್ನುವ ಮುಂಚೆ ನನ್ನ ಮುಖ ನೋಡುತ್ತಿದ್ದ.

ಈ 2,400ರಲ್ಲಿ ಹೆಚ್ಚಿನದು ಎಲ್ಲಿಂದ? ಅಕ್ಕಿ, ಕಾಯಿ ಬಿಟ್ಟಿ ಬಂದದ್ದರಿಂದ ಊಟಕ್ಕೆ ಒಟ್ಟು 4,900 ಮಾತ್ರ ಖರ್ಚಾಯಿತು. 6,600ರಲ್ಲಿ ಉಳಿದ 1,700 ಮರ ಹತ್ತಿತು. ಊಟ ಬರೆಸಿದವರಿಗೆಲ್ಲ ಫೋನ್ ಮಾಡಿ ಹೇಳಿದೆ. ಎಲ್ಲರೂ ಆಯ್ತು ಅಂದರು, ಒಬ್ಬರು ಬಿಟ್ಟು. 'ನಾನು ಅನ್ನಕ್ಕೆ ಕೊಟ್ಟಿದ್ದು' ಅಂದರು. ಅವರು ಹೇಳಿದ್ದು ಸರಿ. ಮೊದಲು ಕೇಳಿ ಆಮೇಲೆ ಖರ್ಚು ಮಾಡಬೇಕಿತ್ತು, ನಾನು ಖರ್ಚು ಮಾಡಿ ಆಮೇಲೆ ಹೇಳಿದೆ.

ಮೂರನೆಯ ದಿನ ತಗಡಿನ ಮಾಡಿನ ಕೆಳಗೆ ತೆಗೆದ ಮಾತಿನ ದೃಶ್ಯ ಪೂರ್ತಿ ಹಾಳು. ಮಳೆ ಬಿದ್ದರೆ ತಗಡು ಚಂಡೆ. ಹೆಡ್‌ಫೋನ್‌ನಲ್ಲಿ ಮಾತು ಬಿಟ್ಟು ಎಲ್ಲ ಕೇಳುತ್ತಿತ್ತು. ಹೆಂಚಿನ ಮಾಡಿನ ಮನೆಯಲ್ಲಿ ಮತ್ತೆ ತೆಗೆಯಬೇಕು, ಅಂದರೆ ಐದನೆಯ ದಿನ. ಕ್ಯಾಮೆರಾ, ಸೌಂಡ್, ಲೈಟ್, ಊಟ, ಗಾಡಿ ಸೇರಿ 5,750. ಜೀಪು ಕೊಡುತ್ತೇನೆ ಎಂದಿದ್ದವರು ಅವತ್ತು ಸಿಗಲಿಲ್ಲ. ಜುಲೈ 14, ಸಿಗಂದೂರು ಸೇತುವೆಯ ಉದ್ಘಾಟನೆ, ಜೀಪು ತುಂಬ ಜನ ಹಾಕಿಕೊಂಡು ಬೆಳಿಗ್ಗೆಯೇ ಹೋಗಿದ್ದರು.

13ರ ರಾತ್ರಿ ಏಳಕ್ಕೆ ಹೊಸ ಸಣ್ಣ ಪಟ್ಟಿ ಕಳಿಸಿದೆವು. 'ಐದನೆಯ ದಿನ' ಎಂದು ತಲೆಬರಹ, ಯಾಕೆ ಬೇಕಾಯಿತು ಎಂದು ಎರಡು ಸಾಲು, ತಗಡಿನ ಸದ್ದಿನ ಇಪ್ಪತ್ತು ಸೆಕೆಂಡಿನ ಆಡಿಯೋ. ರಾತ್ರಿ ಹತ್ತರೊಳಗೆ 3,750 ಬಂತು. ಮಾರ್ಚ್‌ನಲ್ಲಿ 11 ದಿನಕ್ಕೆ 1,850 ಬಂದಿತ್ತು ಎನ್ನುವುದನ್ನು ಇಲ್ಲಿ ನೆನಪಿಸುತ್ತೇನೆ. ಕೇಳಿದ ಜನ ಹೆಚ್ಚು ಕಡಿಮೆ ಅವರೇ.

ಉಳಿದ ಸೋರಿಕೆ: ಒಂದು ಫಿಲ್ಟರ್ ಕಲ್ಲಿನ ಮೇಲೆ ಬಿದ್ದು ಒಡೆಯಿತು, 1,200. ಬ್ಯಾಟರಿ, ಮೆಮರಿ ಕಾರ್ಡು 1,150. ಗಾಡಿ 5,000 ಎಂದದ್ದು 5,800.

ಹಂತ 8. ಸೆಪ್ಟೆಂಬರ್: ಕೊನೆಯ ಲೆಕ್ಕ

ಬಂದದ್ದು: ನಮ್ಮದು 12,000, ಪೋಸ್ಟರ್ 1,850, ಅಂಗಡಿ 5,500, ಹಪ್ಪಳ 1,460, ಸೇವಾ ಪಟ್ಟಿ 26,250, ಅಡಿಕೆ 4,500, ತಾಳಮದ್ದಳೆ 2,350, ಐದನೆಯ ದಿನ 3,750. ಒಟ್ಟು 57,660.

ಹೋದದ್ದು: ಕ್ಯಾಮೆರಾ 12,500, ಸೌಂಡ್ 5,000, ಲೈಟು 3,000, ಊಟ 4,900, ಗಾಡಿ 5,800, ನಟರು 6,000, ಹಾರ್ಡ್ ಡಿಸ್ಕ್ 8,400, ಬಟ್ಟೆ ಸಾಮಾನು 1,350, ಛತ್ರಿ 1,000, ಕೊನೆಗಾರಣ್ಣ 2,400, ರಸೀದಿ ಪೋಸ್ಟರು 700, ಬ್ಯಾಟರಿ ಕಾರ್ಡು 1,150, ಫಿಲ್ಟರ್ 1,200, ಕಲರ್ 4,000. ಒಟ್ಟು 57,400. ಮಿಕ್ಸಿಂಗ್‌ನ 4,000 ಸೇರಿಸಿದರೆ 61,400.

ಈ ಬಾಕಿಗೆ ಮೊನ್ನೆ ಒಂದು ಹೊಸ ಪಟ್ಟಿ ಮಾಡಿದ್ದೇವೆ. ಮಿಕ್ಸಿಂಗ್‌ನಲ್ಲಿ ಒಂದು ಪಾಲು ಎಂದರೆ ಯಾರಿಗೂ ಅರ್ಥವಾಗಲಿಲ್ಲ ತಾನೇ? ಸೌಂಡ್ ಹುಡುಗಿ ಸಿನಿಮಾ ಪೂರ್ತಿ ಕೇಳಿ 40 ಶಬ್ದ ಬರೆದುಕೊಟ್ಟಳು. ಹೆಂಚಿನ ಮೇಲಿನ ಮಳೆ, ಕಪ್ಪೆ, ಜೀರುಂಡೆ, ಸೈಕಲ್ ಚೈನು, ಹಂಡೆಯ ಒಲೆ, ಮರ ಹತ್ತುವವನ ಉಸಿರು. ಒಂದು ಶಬ್ದಕ್ಕೆ ನೂರು ರೂಪಾಯಿ. ನಿನ್ನೆ ರಾತ್ರಿಯಿಂದ 11 ಜನ ಹೆಸರು ಕೊಟ್ಟಿದ್ದಾರೆ, ದುಡ್ಡು ಇನ್ನೂ ಖಾತೆಗೆ ಬರಬೇಕು. ಕಪ್ಪೆಯನ್ನು ತಪ್ಪಿ ಇಬ್ಬರಿಗೆ ಬರೆದುಬಿಟ್ಟಿದ್ದೇನೆ, ಒಬ್ಬರನ್ನು ಜೀರುಂಡೆಗೆ ಒಪ್ಪಿಸಬೇಕು.

ಬೆಳಿಗ್ಗೆ ಕೊನೆಗಾರಣ್ಣ ಫೋನ್ ಮಾಡಿದ್ದರು. ಪಟ್ಟಿ ಅವರ ಮಗಳ ಮೊಬೈಲಿಗೂ ಹೋಗಿದೆ. 'ಉಸಿರಿಗೆ ನೂರು ಅಂತ ಬರೆದೀರಿ. ಅದು ನಂದಲ್ವಾ, ದುಡ್ಡು ಯಾರಿಗೆ?' ಅಂತ ಕೇಳಿದರು. ಇನ್ನೂ ಉತ್ತರ ಕೊಟ್ಟಿಲ್ಲ.